ರಿಫಿಫಿನಾ, ಥೀಫಾ? ಕಳ್ಳರ ಕಸುಬನ್ನ ಸರಿಯಾಗಿ ತೋರ್ಸಿದ್ದು ಯಾವ್ದು

ಕಳ್ಳತನಾನ ಸ್ಟೈಲಿಗೆ ಅಲ್ಲದೆ ಕೆಲಸದ ಥರ ತೋರ್ಸೋ ಹಳೇ ಸಿನಿಮಾ ಅಂದ್ರೆ ನಂಗೆ ಎರಡೇ, 1955ರ ಫ್ರೆಂಚ್ 'ರಿಫಿಫಿ', 1981ರ ಮೈಕಲ್ ಮ್ಯಾನ್ ಅವರ 'ಥೀಫ್'. ಎರಡನ್ನೂ ಒಂದರ ಹಿಂದೆ ಒಂದು ಹಾಕ್ಕೊಂಡು ನೋಡ್ದೆ.

ರಿಫಿಫಿ ಮಾಡಿದ್ದು ಜೂಲ್ಸ್ ಡಸಿನ್, ಹಾಲಿವುಡ್‌ನವ್ರು ಬ್ಲ್ಯಾಕ್‌ಲಿಸ್ಟ್ ಮಾಡಿದ್ಮೇಲೆ ಯುರೋಪಿಗೆ ಹೋದೋನು. ಒಡವೆ ಅಂಗಡಿ ಕಳ್ಳತನ ಸುಮಾರು ಅರ್ಧ ಗಂಟೆ, ಮಾತೂ ಇಲ್ಲ ಮ್ಯೂಸಿಕ್ಕೂ ಇಲ್ಲ. ಮೇಲಿನ ಮನೆ ನೆಲ ಕೊರೀತಾರೆ, ತೂತು ಬಿದ್ದ ತಕ್ಷಣ ಅದ್ರೊಳಗೆ ಛತ್ರಿ ಇಳಿಸಿ ಬಿಚ್ತಾರೆ, ಗಾರೆ ಚೂರು ಕೆಳಗೆ ಬಿದ್ದು ಸದ್ದಾಗಬಾರ್ದಲ್ಲ. ಅಲಾರಂ ಬಾಯಿಗೆ ಬೆಂಕಿ ಆರ್ಸೋ ನೊರೆ ತುಂಬ್ತಾರೆ. ಆದ್ರೆ ಬೆಂಗ್ಳೂರಲ್ಲಿ ಸಂಜೆ ಹೊತ್ತು ಇದನ್ನ ನೋಡಕ್ಕಾಗಲ್ಲ, ಅಲ್ಲಿ ಅವ್ರು ಉಸಿರು ಬಿಗಿ ಹಿಡ್ದು ಕೊರೀತಿದ್ರೆ ಇಲ್ಲಿ ಪಕ್ಕದ್ಮನೆ ಕುಕ್ಕರ್ ಕೂಗತ್ತೆ, ಕೆಳಗೆ ನೀರಿನ ಟ್ಯಾಂಕರ್ ರಿವರ್ಸ್ ತಗೋತಾ ಪೀಂ ಪೀಂ ಅನ್ನತ್ತೆ. ಮಧ್ಯರಾತ್ರಿ ಮೇಲೆ ಹೆಡ್‌ಫೋನ್ ಹಾಕ್ಕೊಂಡು ನೋಡಿ. ಕಳ್ಳತನ ಮುಗಿದ್ಮೇಲೆ ಕಥೆ ಮಾಮೂಲಿ ಗ್ಯಾಂಗ್ ಜಗಳಕ್ಕೆ ಇಳಿಯತ್ತೆ, ಹೀರೋ ಹಳೇ ಹುಡುಗಿಗೆ ಬೆಲ್ಟಲ್ಲಿ ಹೊಡೆಯೋ ಸೀನಂತೂ ಕಸಿವಿಸಿ.

ಥೀಫ್ ಬೇರೆ ಲೆವೆಲ್ಲು. ಇಲ್ಲಿ ಕಳ್ಳತನದ ಟೆಕ್ನಿಕ್ ಹೇಳಿಕೊಟ್ಟಿದ್ದು ಶಿಕಾಗೋದ ನಿಜವಾದ ಕಳ್ಳ ಜಾನ್ ಸ್ಯಾಂಟುಚಿ, ಸಿನಿಮಾದಲ್ಲಿ ಅವನೇ ಲಂಚಕೋರ ಪೊಲೀಸ್. ಆಗಿನ್ನೂ ಪೊಲೀಸ್ ಕೆಲಸದಲ್ಲಿದ್ದ ಡೆನಿಸ್ ಫರೀನಾ ವಿಲನ್ ಕಡೆ ಆಸಾಮಿ. ನಮ್ಮ 'ಓಂ'ನಲ್ಲಿ ನಿಜವಾದ ರೌಡಿಗಳ ಕೈಲೇ ರೌಡಿ ಪಾರ್ಟ್ ಮಾಡ್ಸಿದ್ರು, ಇಲ್ಲಿ ಉಲ್ಟಾ! ಹೀರೋ ಜೇಮ್ಸ್ ಕಾನ್ ಆ ಉದ್ದನೆ ಕೊಳವೆಯಂಥ ಥರ್ಮಲ್ ಲ್ಯಾನ್ಸ್ ಹಿಡ್ದು ವಾಲ್ಟಿನ ಕಬ್ಬಿಣ ಕರಗಿಸ್ತಾನೆ, ಕಿಡಿ ಮಳೆ, ಎಲ್ಲಾ ಆದ್ಮೇಲೆ ಕುಣಿದಾಟ ಏನಿಲ್ಲ, ಶಿಫ್ಟ್ ಮುಗಿಸಿದ ಪೀಣ್ಯದ ವೆಲ್ಡರ್ ಥರ ಕೂತು ಸಿಗರೇಟ್ ಹಚ್ತಾನೆ ಅಷ್ಟೇ. ಕೂಲಿ ವಿಷಯಕ್ಕೆ ಬಂದ್ರೆ ಬಾಸ್ ಲಿಯೋ ಪೂರ್ತಿ ದುಡ್ಡು ಕೈಗೆ ಕೊಡಲ್ಲ, ನಿನ್ನ ಪಾಲು ಶಾಪಿಂಗ್ ಸೆಂಟರ್‌ಗೆ ಹಾಕಿದೀನಿ ಅಂತಾನೆ. ಲೇಔಟ್‌ಗೆ ದುಡ್ಡು ಕಟ್ಟಿ ಸೈಟಿಗೆ ಕಾಯ್ತಾ ಕೂತಿರೋ ನಮ್ಮೂರಿನವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾ?

ಟೆನ್ಷನ್ ಬೇಕು ಅಂದ್ರೆ ರಿಫಿಫಿ, ಅದನ್ನ ಮೀರ್ಸೋದು ಕಷ್ಟ. ಆದ್ರೆ ಕಳ್ಳನ ಸುಸ್ತು, ಸಂಬಳ, ಯಜಮಾನನ ಕಾಟ ಎಲ್ಲಾ ಸೇರಿ ಕಾಣೋದು ಥೀಫಲ್ಲಿ, ನನ್ನ ವೋಟು ಅದಕ್ಕೇ. ಕೊನೇಲಿ ಗುಂಡು ಹಾರಿಸೋ ಸೀನಿಗೆ ಮಾತ್ರ ಸ್ಲೋ ಮೋಷನ್ ಬೇಕಿರ್ಲಿಲ್ಲ, ಅಷ್ಟೊತ್ತು ಸ್ಟೈಲ್ ಹೊಡೀದೆ ಬಂದ ಸಿನಿಮಾ ಅಲ್ಲಿ ಒಂಚೂರು ಹೀರೋಗಿರಿಗೆ ಬಿತ್ತು.