ಮರೀನಾದ ನೀರಿಗೆ ದಯವಿಟ್ಟು ಇಳಿಯಬೇಡಿ

ಅಮೆರಿಕದಲ್ಲಿರುವ ಕನ್ನಡದವರು ಲಾಂಗ್ ವೀಕೆಂಡ್ ಬಂದರೆ ನಾಲ್ಕೈದು ಮನೆ ಸೇರಿ ಹೌಸ್‌ಬೋಟ್ ಬಾಡಿಗೆಗೆ ಹಿಡಿಯುವುದುಂಟು. ಕೆಂಟಕಿಯ ಲೇಕ್ ಕಂಬರ್ಲೆಂಡ್, ಕ್ಯಾಲಿಫೋರ್ನಿಯಾದ ಶಾಸ್ತಾ, ಹೀಗೆ. ದೊಡ್ಡವರು ಇನ್ನೂ ಸಾಮಾನು ಹತ್ತಿಸುತ್ತಿರುತ್ತಾರೆ, ಮಕ್ಕಳು ಅಷ್ಟರಲ್ಲೇ ಮರೀನಾದ, ಅಂದರೆ ಬೋಟ್‌ಗಳನ್ನು ಕಟ್ಟಿ ನಿಲ್ಲಿಸುವ ಜಾಗದ, ಡಾಕ್‌ನಿಂದ (ಕಟ್ಟೆಯಿಂದ) ನೀರಿಗೆ ಹಾರಿರುತ್ತಾರೆ. ಅದನ್ನು ತಡೆಯಿರಿ ಅಂತ ಕೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಭಾವ ಅಂಥದೇ ನೀರಿನಲ್ಲಿ ಕರೆಂಟ್ ಹೊಡೆದು ಸಾಯುವುದು ಸ್ವಲ್ಪದರಲ್ಲಿ ತಪ್ಪಿತು.

ಅಕ್ಕ, ಭಾವ ರಿಟೈರ್ ಆದಮೇಲೆ ತಮ್ಮ ಬೋಟ್‌ನಲ್ಲಿ ಗ್ರೇಟ್ ಲೂಪ್ ಹೊರಟಿದ್ದರು. ಅಮೆರಿಕದ ಪೂರ್ವಭಾಗವನ್ನು ನೀರಿನ ಮೇಲೇ ಸುತ್ತಿ ಬರುವ ದಾರಿ ಅದು, ಸುಮಾರು 6,000 ಮೈಲಿ. ಶಿಕಾಗೋ ದಾಟಿ ಇಲಿನಾಯ್, ಮಿಸಿಸಿಪಿ, ಒಹಾಯೊ ನದಿಗಳನ್ನು ಹಾದು ಟೆನೆಸಿ ನದಿಗೆ ಬಂದಾಗ ನಾನೂ ಹೋಗಿ ಸೇರಿಕೊಂಡೆ.

ಸತತವಾಗಿ ಬೋಟ್ ಓಡಿಸಿ ಸುಸ್ತಾಗಿತ್ತು. ಒಂದು ದಿನ ಮರೀನಾದಲ್ಲಿ ನಿಂತೆವು. ಬಾಕಿ ಉಳಿದ ಕೆಲಸಗಳೆಲ್ಲ ಇಂಥ ದಿನವೇ ಆಗಬೇಕು. ಅಕ್ಕ ಬಟ್ಟೆ ಮೂಟೆ ಹೊತ್ತುಕೊಂಡು ಲಾಂಡ್ರಿಗೆ ಹೋಗಿ ಬಂದಳು. ನಾನು ಪೈಪ್ ಹಿಡಿದು ಡೆಕ್ ತೊಳೆದೆ. ಭಾವ ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡಿಸಿ, ಎಂಜಿನ್ ಆಯಿಲ್ ಬದಲಾಯಿಸಿ, ಎಂಜಿನ್‌ಗೆ ನೀರು ಎಳೆಯುವ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಪಾಚಿ ತೆಗೆದರು. ಕೊನೆಗೆ ಉಳಿದಿದ್ದು ಪ್ರೊಪೆಲ್ಲರ್, ನೀರೊಳಗೆ ತಿರುಗಿ ಬೋಟ್ ತಳ್ಳುವ ಫ್ಯಾನ್. ಹಿಂದಿನ ದಿನದಿಂದ ಬೋಟ್ ಅದುರುತ್ತಿತ್ತು. ಮೀನು ಹಿಡಿಯುವ ದಾರವೇನೋ ಸುತ್ತಿಕೊಂಡಿರಬೇಕು ಅಂತ ಅವರ ಅನುಮಾನ.

ಭಾವ ಆಫೀಸಿಗೆ ಹೋಗಿ, "ಇಲ್ಲಿ ನೀರಿಗೆ ಇಳಿಯಬಹುದಾ?" ಅಂತ ವಿಚಾರಿಸಿದರು. "ಎಲ್ಲರೂ ಇಳಿಯುತ್ತಾರೆ, ಏನೂ ಆಗಲ್ಲ" ಅಂದರು ಅಲ್ಲಿದ್ದವರು. ಬೆಳಗ್ಗೆ ಅದೇ ಜಾಗದಲ್ಲಿ ಇಬ್ಬರು ಹುಡುಗರು ಈಜಿದ್ದನ್ನು ನಾವೂ ನೋಡಿದ್ದೆವು.

ಭಾವ ಹಿಂದಿನ ಏಣಿ ಹಿಡಿದು ಇಳಿದು, ಬೋಟ್‌ನಿಂದ ಸ್ವಲ್ಪ ದೂರ ಈಜಿ, ತಿರುಗಿ ಬರುತ್ತಿದ್ದರು. ಹತ್ತಿರ ಬರುತ್ತಿದ್ದಂತೆ, "ಏನೋ ಜುಮ್ ಅಂತಿದೆ ಕಣೇ, ಕಾಲಲ್ಲಿ" ಅಂತ ಅಕ್ಕನಿಗೆ ಹೇಳಿದರು. ಮರುಕ್ಷಣ ಅವರ ಮುಖ ಬದಲಾಯಿತು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಒಂದು ಕೈ ಏಣಿಯ ಕಡೆ ಚಾಚಿತ್ತು. ಗದ್ದದವರೆಗೂ ನೀರು ಬಂದಿತ್ತು.

ನಾನು ಹಾರುವುದರಲ್ಲಿದ್ದೆ. ಪಕ್ಕದ ಬೋಟ್‌ನ ಹಿರಿಯರೊಬ್ಬರು ಕೂಗಿದರು: "ಹಾರಬೇಡಿ! ನೀರಲ್ಲಿ ಕರೆಂಟ್ ಇದೆ! ಏಣಿ ಮುಟ್ಟಬೇಡಿ, ಹಿಂದಕ್ಕೆ ಹೋಗಿ!" ಕೂಗುತ್ತಲೇ ಡಾಕ್‌ನ ಮೇನ್ ಸ್ವಿಚ್ ಕಡೆಗೆ ಓಡಿದರು. ಅವರು ಸ್ವಿಚ್ ಆಫ್ ಮಾಡಿದ ತಕ್ಷಣ ಭಾವನ ಕೈಕಾಲು ಆಡತೊಡಗಿತು. ನಾನು ಹಗ್ಗ ಕಟ್ಟಿ ಎಸೆದ ತೇಲುವ ಟ್ಯೂಬ್ ಹಿಡಿದುಕೊಂಡರು, ಹಗ್ಗ ಎಳೆದು ಮೇಲಕ್ಕೆ ತಂದೆವು. "ಕಾಲು ನನ್ನ ಮಾತೇ ಕೇಳಲಿಲ್ಲ" ಅಂತ ಎಷ್ಟೋ ಹೊತ್ತು ಅದನ್ನೇ ಹೇಳುತ್ತಿದ್ದರು.

ಮರೀನಾದಲ್ಲಿ ಪ್ರತಿ ಬೋಟ್‌ಗೂ ದಡದಿಂದ ದಪ್ಪ ಕೇಬಲ್‌ನಲ್ಲಿ 120 ಇಲ್ಲವೇ 240 ವೋಲ್ಟ್ ಕರೆಂಟ್ ಕೊಡುತ್ತಾರೆ. ನಮ್ಮ ಬೋಟ್‌ನಲ್ಲಿ ದೋಷ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಒಂದೊಂದೇ ಕೇಬಲ್‌ನ ಸುತ್ತ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದ. ಎಲ್ಲ ಸರಿಯಿದ್ದರೆ ಮೀಟರ್ ಸೊನ್ನೆ ತೋರಿಸಬೇಕು, ಹೋದ ಕರೆಂಟ್ ಅಷ್ಟೂ ಅದೇ ಕೇಬಲ್‌ನಲ್ಲಿ ವಾಪಸ್ ಬರುತ್ತದಲ್ಲ. ಸ್ವಲ್ಪ ಆಚೆ ಕಟ್ಟಿದ್ದ ಒಂದು ಬೋಟ್‌ನಲ್ಲಿ ಸೊನ್ನೆ ಬರಲಿಲ್ಲ. ಅದರ ಗೀಸರ್ ಕಾಯಿಲ್ ಲೀಕ್ ಆಗುತ್ತಿತ್ತು, ಅರ್ಥಿಂಗ್ ತಂತಿಯೂ ಕಿತ್ತುಹೋಗಿತ್ತು. ಕರೆಂಟ್ ಪ್ರೊಪೆಲ್ಲರ್ ಮೂಲಕ ನೀರಿಗೆ ಇಳಿದಿತ್ತು. ಗೀಸರ್ ತಾನಾಗಿ ಆನ್, ಆಫ್ ಆಗುತ್ತಲ್ವಾ? ಆಫ್ ಇದ್ದಾಗ ನೀರಲ್ಲಿ ಏನೂ ಇಲ್ಲ, ಆನ್ ಆದ ಕ್ಷಣ ಸಾವು. ಬೆಳಗ್ಗೆ ಆ ಹುಡುಗರಿಗೆ ಏನೂ ಆಗದಿದ್ದುದು ಬಹುಶಃ ಇದೇ ಕಾರಣಕ್ಕೆ.

ಸಮುದ್ರದ ಉಪ್ಪುನೀರು ನಮ್ಮ ಮೈಗಿಂತ ಚೆನ್ನಾಗಿ ಕರೆಂಟ್ ಹರಿಸುತ್ತದೆ, ಹಾಗಾಗಿ ಅಲ್ಲಿ ಅಪಾಯ ಕಡಿಮೆ. ನದಿ, ಕೆರೆಯ ಸಿಹಿನೀರಿನಲ್ಲಿ ಉಲ್ಟಾ. ನೀರಿಗಿಂತ ನಮ್ಮ ಮೈಯೇ ಸಲೀಸು ದಾರಿ. 10 ಮಿಲಿಆಂಪ್ (ಒಂದು ಆಂಪಿಯರ್‌ನ ನೂರರಲ್ಲೊಂದು ಭಾಗ) ಆಸುಪಾಸಿನಲ್ಲೇ ಸ್ನಾಯುಗಳು ಬಿಗಿದುಕೊಂಡುಬಿಡಬಹುದು. ಎಷ್ಟೇ ಚೆನ್ನಾಗಿ ಈಜು ಬಂದರೂ ಉಪಯೋಗವಿಲ್ಲ. 1999ರಲ್ಲಿ ಆರೆಗನ್ ರಾಜ್ಯದಲ್ಲಿ ಎಂಟು ವರ್ಷದ ಹುಡುಗನೊಬ್ಬ ಹೀಗೇ ಸತ್ತ. ಅವನು ಲೈಫ್ ಜಾಕೆಟ್ ಹಾಕಿಕೊಂಡಿದ್ದ. ಇಂಥ ಸಾವಿನಲ್ಲಿ ಮೈಮೇಲೆ ಸುಟ್ಟ ಗಾಯವೂ ಕಾಣದೆ, ಮುಳುಗಿ ಸತ್ತರು ಅಂತಲೇ ಬರೆದುಕೊಂಡುಬಿಡುವ ಸಾಧ್ಯತೆ ಇದೆ. ಅದಕ್ಕೇ ಎಷ್ಟೋ ಜನರಿಗೆ ಇದರ ಸುದ್ದಿಯೇ ಗೊತ್ತಿಲ್ಲ.

ನನಗೆ ಇವತ್ತಿಗೂ ಸಿಟ್ಟಿರುವುದು ಮರೀನಾದವರ ಮೇಲೆ. ನಮ್ಮ ಬೆಂಗಳೂರಿನ ಫ್ಲ್ಯಾಟ್‌ಗಳಲ್ಲೂ 30 ಮಿಲಿಆಂಪ್ ಲೀಕ್ ಆದರೆ ಟ್ರಿಪ್ ಆಗುವ ಸ್ವಿಚ್ ಹಾಕುತ್ತಾರೆ. ಇವರ ಡಾಕ್‌ನಲ್ಲಿ ಅಂಥದ್ದೇನೂ ಇರಲಿಲ್ಲ. "ಹಳೇ ವೈರಿಂಗ್, ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ" ಅಂದರು. ಈಜಬಾರದು ಅಂತ ಒಂದು ಬೋರ್ಡ್ ಹಾಕಿ ಅಂತ ಅಕ್ಕ ಬೇಡಿಕೊಂಡಳು. ನಾವು ಹೊರಡುವವರೆಗೂ ಹಾಕಲಿಲ್ಲ.

ಹಾಗಾಗಿ ಆಫೀಸಿನವರು ಹೂಂ ಅಂದರೂ ಇಳಿಯಬೇಡಿ. ಡಾಕ್‌ಗೆ ಕರೆಂಟ್ ಇದೆಯೆಂದರೆ ಆ ನೀರು ಈಜುವುದಕ್ಕಲ್ಲ. ಬಿದ್ದ ಚಪ್ಪಲಿ, ಮೊಬೈಲ್ ತೆಗೆಯುವುದಕ್ಕೂ ಬೇಡ. ಅಕಸ್ಮಾತ್ ನೀರಲ್ಲಿದ್ದಾಗ ಜುಮ್ ಅಂದರೆ ಬಂದ ದಾರಿಯಲ್ಲೇ ವಾಪಸ್ ಈಜಿ, ಬೋಟ್, ಡಾಕ್ ಎರಡರಿಂದಲೂ ದೂರ ಹೋಗಿ. ಲೋಹದ ಏಣಿ ಹಿಡಿಯಬೇಡಿ. ಮೇಲಿದ್ದವರು ಮೊದಲು ಕರೆಂಟ್ ತೆಗೆಯಬೇಕು, ಆಮೇಲೆ ತೇಲುವಂಥದ್ದು ಏನಾದರೂ ಎಸೆಯಬೇಕು. ಕಾಪಾಡಲು ಹಾರಿದವರೂ ಸತ್ತಿದ್ದಾರೆ. ಬೋಟ್ ಕಟ್ಟಿದ ಕೂಡಲೇ ಡಾಕ್‌ನ ಮೇನ್ ಸ್ವಿಚ್ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ.

ಹೌಸ್‌ಬೋಟ್ ಹಿಡಿದವರು ಕೆರೆಯ ಮಧ್ಯೆ, ದೂರದಲ್ಲಿ ಲಂಗರು ಹಾಕಿದ ಮೇಲೆ ಮಕ್ಕಳನ್ನು ಇಳಿಸಿ. ಆಗಲೂ ಎಂಜಿನ್, ಜನರೇಟರ್ ಎರಡೂ ಆಫ್ ಆಗಿರಲಿ. ಅವುಗಳ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬೋಟ್‌ನ ಹಿಂಭಾಗದಲ್ಲಿ ಈಜುತ್ತಿದ್ದವರು ಅದರಿಂದ ಸತ್ತಿದ್ದಾರೆ. ನಮ್ಮ ಪ್ರೊಪೆಲ್ಲರ್ ಕೆಲಸವನ್ನು ಹೀಗೇ ಮುಗಿಸಿದೆವು. ಮರುದಿನ ನಿಧಾನವಾಗಿ ಓಡಿಸಿಕೊಂಡು ಹೋಗಿ, ಊರಿಲ್ಲದ ಕಡೆ ಲಂಗರು ಹಾಕಿ, ಎಲ್ಲ ಸ್ವಿಚ್ ಆಫ್ ಮಾಡಿದೆವು. ಭಾವನಿಗೆ ಇಳಿಯಲು ಧೈರ್ಯ ಬರಲಿಲ್ಲ, ನಾನೇ ಇಳಿದೆ. ಶಾಫ್ಟ್ ಸುತ್ತ ಮೀನಿನ ದಾರ ಬಿಗಿದು ಗಟ್ಟಿಯಾಗಿತ್ತು, ಚಾಕುವಿನಲ್ಲಿ ಕೊಯ್ದು ತೆಗೆದೆ.