ಸಾಕೆಟ್ಟಾ, ಮೆಸೆಂಜರಾ, ಎಐಡಿಎಲ್ಲಾ? ಮೂರನ್ನೂ ಓಡಿಸಿ ನೋಡಿದೆ

ಆಂಡ್ರಾಯ್ಡ್ ಆ್ಯಪ್ ಒಂದು ಪ್ರೊಸೆಸ್ಸಿನಲ್ಲಿ, ಕ್ಯಾಮೆರಾ ಫ್ರೇಮ್‌ಗಳನ್ನು ತಿದ್ದುವ ನನ್ನ ಸಿ ಪ್ಲಸ್ ಪ್ಲಸ್ ಕೋಡ್ ಇನ್ನೊಂದರಲ್ಲಿ. ಪ್ರೊಸೆಸ್ ಅಂದರೆ ತನ್ನದೇ ಮೆಮೊರಿಯಲ್ಲಿ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್; ಎರಡನೆಯದನ್ನು ಸರ್ವಿಸ್ ಅನ್ನುತ್ತೇನೆ. ಇವೆರಡೂ ಪರಸ್ಪರ ಮಾತಾಡಲು ಮೂರು ದಾರಿಗಳನ್ನು ಓಡಿಸಿ ನೋಡಿದೆ. ಬೇರೆ ಇಟ್ಟಿದ್ದಕ್ಕೆ ಕಾರಣ ಇದೆ. ಆ ಕೋಡ್ ಆಗಾಗ ಕ್ರ್ಯಾಶ್ ಆಗುತ್ತಿತ್ತು, ಅದರ ಜೊತೆ ಇಡೀ ಆ್ಯಪ್ ಮುಚ್ಚಿಕೊಳ್ಳುವುದು ಬೇಡವಿತ್ತು. ಹಾಗಾಗಿ ವೇಗಕ್ಕಿಂತ ಜಾಸ್ತಿ ನಾನು ನೋಡಿದ್ದು ಒಂದೇ: ಆ ಕಡೆ ಸತ್ತಾಗ ಈ ಕಡೆ ಏನಾಗುತ್ತದೆ?

ಮೊದಲು ಯುನಿಕ್ಸ್ ಡೊಮೈನ್ ಸಾಕೆಟ್, ಅಂದರೆ ಒಂದೇ ಯಂತ್ರದ ಎರಡು ಪ್ರೊಸೆಸ್‌ಗಳ ನಡುವೆ ಬೈಟ್‌ಗಳನ್ನು ಹರಿಸುವ ಕೊಳವೆ. ಲಿನಕ್ಸ್ ಬಲ್ಲವರ ಕೈ ಮೊದಲು ಹೋಗುವುದೇ ಇದಕ್ಕೆ. ಅರ್ಧ ದಿನದಲ್ಲಿ ಓಡಿತು. ತಲೆನೋವು ಶುರುವಾಗಿದ್ದು ಆಮೇಲೆ. ಸ್ಟ್ರೀಮ್ ಸಾಕೆಟ್‌ಗೆ ಒಂದು ಸಂದೇಶ ಎಲ್ಲಿ ಮುಗಿಯಿತು ಅನ್ನುವುದೇ ಗೊತ್ತಿಲ್ಲ, ಪ್ರತಿಯೊಂದರ ಮುಂದೆ ಉದ್ದವನ್ನು ನಾನೇ ಬರೆಯಬೇಕು. ಸರ್ವಿಸ್ ಸತ್ತರೆ ಓದಲು ಹೋದಾಗ ಸೊನ್ನೆ ಬೈಟ್ ಬರುತ್ತದೆ, ಅಷ್ಟು ಸರಿ. ಆದರೆ ಅದನ್ನು ಮತ್ತೆ ಎಬ್ಬಿಸಿ, ಮತ್ತೆ ಜೋಡಿಸಿ, ಅರ್ಧ ಬಂದ ಸಂದೇಶ ಎಸೆದು... ಆ ಕೋಡೇ ಅಸಲಿ ಕೆಲಸಕ್ಕಿಂತ ಜಾಸ್ತಿ ಆಯಿತು.

ಮೆಸೆಂಜರ್ (ಸರ್ವಿಸ್‌ಗೆ ಸಂದೇಶ ಕಳಿಸಲು ಆಂಡ್ರಾಯ್ಡ್ ಕೊಡುವ ಸಿದ್ಧ ಸೌಲಭ್ಯ) ಸರಳ, ಆದರೆ ಎಲ್ಲ ಸಂದೇಶಗಳೂ ಒಂದೇ ಕ್ಯೂನಲ್ಲಿ ನಿಲ್ಲುತ್ತವೆ. ಹಿಂದಿನ ಕೆಲಸ ಮುಗಿಯುವ ತನಕ 'ನಿಲ್ಲಿಸು' ಅನ್ನುವುದೂ ಕಾದರೆ ಏನುಪಯೋಗ, ಅಲ್ವಾ?

ಕೊನೆಗೆ ಎಐಡಿಎಲ್. ಒಂದು ಪ್ರೊಸೆಸ್ ಇನ್ನೊಂದರ ಯಾವ ಫಂಕ್ಷನ್‌ಗಳನ್ನು ಕರೆಯಬಹುದು ಅಂತ ಇದರಲ್ಲಿ ಬರೆದಿಡುತ್ತೇವೆ; ಆ ಕರೆಗಳನ್ನು ಸಾಗಿಸುವುದು ಆಂಡ್ರಾಯ್ಡ್‌ನ ಬೈಂಡರ್. ಆಂಡ್ರಾಯ್ಡ್ 10ರಿಂದ ಎನ್‌ಡಿಕೆಯಲ್ಲೇ (ಸಿ ಪ್ಲಸ್ ಪ್ಲಸ್‌ನಂಥ ನೇಟಿವ್ ಕೋಡ್ ಬರೆಯುವ ಕಿಟ್) ಬೈಂಡರ್ ಸಿಗುತ್ತದೆ. ಆ್ಯಪ್ ಸರ್ವಿಸ್‌ಗೆ ಜೋಡಿಸಿಕೊಳ್ಳುವಾಗ ಓಡುವ ಆನ್‌ಬೈಂಡ್‌ಗೆ ಮಾತ್ರ ನಾಲ್ಕು ಸಾಲು ಜಾವಾ ಬೇಕು, ಮಿಕ್ಕ ಕರೆಗಳು ನೇರ ನೇಟಿವ್ ಕೋಡಿಗೇ ಬರುತ್ತವೆ. ಬೇಕಂತಲೇ ಸರ್ವಿಸನ್ನು ಕಿಲ್ ಮಾಡಿದೆ. ಆ ಕಡೆ ಸತ್ತರೆ ತಿಳಿಸುವ ಲಿಂಕ್‌ಟುಡೆತ್ ತಕ್ಷಣ ಸುದ್ದಿ ಕೊಟ್ಟಿತು, ಸಿಸ್ಟಮ್ಮೇ ಅದನ್ನು ಎಬ್ಬಿಸಿ ಮತ್ತೆ ಜೋಡಿಸಿತು. ನಾನು ಸುಮ್ನೆ ನೋಡುತ್ತಾ ಕೂತಿದ್ದೆ! ಕರೆಗಳು ಬೇರೆ ಬೇರೆ ಥ್ರೆಡ್‌ಗಳಲ್ಲಿ ಬರುವುದರಿಂದ ಒಂದೇ ಡೇಟಾವನ್ನು ಎರಡು ಥ್ರೆಡ್ ಒಟ್ಟಿಗೆ ಮುಟ್ಟದಂತೆ ಲಾಕ್ ಹಾಕುವ ಹೊಣೆ ಮಾತ್ರ ನಮ್ಮದು.

ಎಡವಿದ್ದು ಇನ್ನೊಂದು ಕಡೆ. ಫ್ರೇಮನ್ನೇ ಬೈಂಡರ್‌ನಲ್ಲಿ ಕಳಿಸಿದೆ. 640×480 ಇದ್ದಾಗ ಓಡಿತು. 1280×720ಕ್ಕೆ ಏರಿಸಿದ್ದೇ ತಡ, ಟ್ರಾನ್ಸಾಕ್ಷನ್ ತುಂಬಾ ದೊಡ್ಡದು ಎಂಬ ಎಕ್ಸೆಪ್ಶನ್. ಪಿಕ್ಸೆಲ್‌ಗೆ ಸರಾಸರಿ ಒಂದೂವರೆ ಬೈಟ್ ಹಿಡಿಯುವ ವೈಯುವಿ 420 ರೂಪದಲ್ಲಿ ಆ ಫ್ರೇಮ್ 13,82,400 ಬೈಟ್. ಬೈಂಡರ್ ಬಫರ್ ಒಂದು ಪ್ರೊಸೆಸ್‌ಗೆ ಸುಮಾರು 1 ಎಂಬಿ, ಅದನ್ನೂ ಆ ಹೊತ್ತಿನ ಎಲ್ಲ ಕರೆಗಳೂ ಹಂಚಿಕೊಳ್ಳಬೇಕು. ಈಗ ಫ್ರೇಮ್‌ಗಳು ಎರಡೂ ಪ್ರೊಸೆಸ್‌ಗಳು ನೋಡಬಲ್ಲ ಶೇರ್ಡ್ ಮೆಮೊರಿಯಲ್ಲಿವೆ. ಅದರ ಫೈಲ್ ಡಿಸ್ಕ್ರಿಪ್ಟರ್ (ಆ ಮೆಮೊರಿಯನ್ನು ತೆರೆಯುವ ಗುರುತು) ಒಮ್ಮೆ ಕೊಟ್ಟರೆ ಮುಗಿಯಿತು, ಆಮೇಲೆ ಬೈಂಡರ್‌ನಲ್ಲಿ ಹೋಗುವುದು 'ಎಷ್ಟನೇ ಫ್ರೇಮ್' ಎಂಬ ಸಂಖ್ಯೆ ಮಾತ್ರ.

ಸಾಕೆಟ್ ಕೋಡನ್ನು ಅಳಿಸಿಲ್ಲ. ಇದೇ ಸಿ ಪ್ಲಸ್ ಪ್ಲಸ್ ಕೋಡನ್ನು ಲ್ಯಾಪ್‌ಟಾಪಿನಲ್ಲಿ ಟೆಸ್ಟ್ ಮಾಡುವಾಗ ಅಲ್ಲಿ ಬೈಂಡರ್ ಇಲ್ಲವಲ್ಲ.