ನಾಲ್ಕು ವಾರದ ಬೇಸಿಗೆ ಶಿಬಿರ: ಮೂರೂವರೆಯಿಂದ ಆರರ ನಡುವಿನ ಲೆಕ್ಕ

ಮಕ್ಕಳಿಗೆ ಬೇಸಿಗೆ ರಜೆ 8 ವಾರ. ನನಗೂ ನನ್ನ ಪತಿಗೂ ಸೇರಿ ಕಚೇರಿಯಿಂದ ಸಿಗುವ ರಜೆ 12 ದಿನ. ಎಷ್ಟು ಸಲ ಕೂಡಿ ಕಳೆದರೂ ಈ ಲೆಕ್ಕ ತಾಳೆಯಾಗದ ಕಾರಣ, 7 ವರ್ಷದ ಮಗಳನ್ನೂ 11 ವರ್ಷದ ಮಗನನ್ನೂ ಈ ಬಾರಿ 4 ವಾರಗಳ ಹಗಲು ಶಿಬಿರವೊಂದಕ್ಕೆ ಸೇರಿಸಿದೆವು. ಶಿಬಿರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಶಿಬಿರಗಳ ಕರಪತ್ರಗಳನ್ನು ಸಾಲಾಗಿ ಹರಡಿ ನೋಡಿದವರಿಗೆ ಅವೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು ಎಂಬುದು ಗೊತ್ತೇ ಇರುತ್ತದೆ, ಆದ್ದರಿಂದ ನಮ್ಮ ಅನುಭವ ಬೇರೆ ಕಡೆ ಸೇರಿಸುವವರಿಗೂ ಉಪಯೋಗಕ್ಕೆ ಬಂದೀತು.

ನಾನು ಈ ಶಿಬಿರವನ್ನು ಅಳೆದದ್ದು ಒಂದೇ ಅಳತೆಗೋಲಿನಿಂದ: ದಿನಕ್ಕೆ ಎಷ್ಟು ಗಂಟೆ ಮಕ್ಕಳ ಬಗ್ಗೆ ಯೋಚಿಸದೆ ನಾನು ಕೆಲಸ ಮಾಡಬಲ್ಲೆನಾದೆ ಎಂಬುದು. ಮಗ ಚಿತ್ರಕಲೆಯಲ್ಲಿ ಪಳಗಿದನೇ, ಮಗಳು ವೇದಿಕೆಯ ಮೇಲೆ ಹೆದರದೆ ಮಾತನಾಡಿದಳೇ ಎಂಬುವು ನಂತರದ ಪ್ರಶ್ನೆಗಳು. ಸೇರಿಸುವಾಗ ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚವಾಗಿತ್ತು. ಈಗ ಆ ಸಂಕೋಚ ಇಲ್ಲ.

ಈ ಅಳತೆಗೋಲಿನಲ್ಲಿ ಮೊದಲ ವಾರ ಸೋತಿತು ಎಂದೇ ಹೇಳಬೇಕು. ಪ್ರವೇಶಕ್ಕೆ ಮೊದಲು ದೂರವಾಣಿಯಲ್ಲಿ ಕೇಳಿದಾಗ 10 ಮಕ್ಕಳಿಗೆ ಒಬ್ಬ ಮೇಲ್ವಿಚಾರಕರು ಇರುತ್ತಾರೆ ಎಂದಿದ್ದರು. ಹಗಲು ಶಿಬಿರಗಳಿಗೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಹಾಕಿಕೊಟ್ಟಿರುವ ಮಾನದಂಡದಲ್ಲಿ 9ರಿಂದ 14 ವರ್ಷದವರಿಗೆ ಈ ಪ್ರಮಾಣ ಒಪ್ಪುತ್ತದೆ, ಆದರೆ 6ರಿಂದ 8 ವರ್ಷದವರಿಗೆ 8 ಮಕ್ಕಳಿಗೊಬ್ಬರು ಬೇಕು. ಆ ಸಂಸ್ಥೆಯ ಮಾತು ಎಲ್ಲ ಕಡೆ ಕಾನೂನಲ್ಲ, ಪ್ರಶ್ನೆ ಕೇಳಲು ಒಂದು ಆಧಾರವಾದೀತೆಂದು ಇಟ್ಟುಕೊಂಡಿದ್ದೆ, ಅಷ್ಟೆ. ಎರಡನೆಯ ದಿನ ಬಾಗಿಲಲ್ಲಿ ನಿಂತು ಎಣಿಸಿದರೆ, ಚಿಕ್ಕವರ ಗುಂಪಿನ 26 ಮಕ್ಕಳಿಗೆ ಇಬ್ಬರು ಮೇಲ್ವಿಚಾರಕರು, ಜೊತೆಗೆ ಕಾಲೇಜು ಓದುವ ಹುಡುಗಿಯೊಬ್ಬಳು. ಆ ಹುಡುಗಿಯನ್ನೂ ಪೂರ್ತಿ ಒಬ್ಬ ಮೇಲ್ವಿಚಾರಕಿಯೆಂದು ಎಣಿಸಿ ತಮ್ಮ ಲೆಕ್ಕ ಹೊಂದಿಸಿಕೊಂಡಿದ್ದರು, ಆದರೂ 8 ಮಕ್ಕಳಿಗೊಬ್ಬರು ಎಂಬ ಪ್ರಮಾಣಕ್ಕೆ ಅದು ಸರಿಹೊಂದಿರಲಿಲ್ಲ.

ಮೂರನೆಯ ದಿನ ಸಂಜೆ ಮಗಳ ಚೀಲ ಬಿಚ್ಚಿದಾಗ ನೀರಿನ ಬಾಟಲಿ ಬೆಳಿಗ್ಗೆ ತುಂಬಿಸಿದ್ದ ಹಾಗೆಯೇ ಇತ್ತು. ಮುಚ್ಚಳದ ಕೆಳಗಿನ ಗೆರೆಯವರೆಗೂ ನೀರು. "ಯಾರೂ ಕುಡಿ ಅನ್ನಲಿಲ್ಲ ಅಮ್ಮಾ, ಆಟ ನಡೀತಿತ್ತು" ಎಂದಳು. ಬಿಸಿಲಿನ ದಿನ ಮೈದಾನದಲ್ಲಿ ಓಡಾಡುವ ಮಕ್ಕಳು ಬಾಯಾರಿಕೆಯಾದಾಗ ತಾವಾಗಿಯೇ ಕುಡಿಯುತ್ತಾರೆಂದು ನಂಬಿ ಕೂರುವಂತಿಲ್ಲ. ಆಟದ ಗುಂಗಿನಲ್ಲಿ ಅವರಿಗೆ ಬಾಯಾರಿಕೆಯ ನೆನಪೇ ಇರುವುದಿಲ್ಲ, ನೆನಪಾಗುವ ಹೊತ್ತಿಗೆ ತಲೆನೋವು ಶುರುವಾಗಿರುತ್ತದೆ. ಮರುದಿನ ಬೆಳಿಗ್ಗೆ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸಂಚಾಲಕಿಯವರ ಬಳಿ ಹೋದೆ. ಅವರು ವಾದಿಸಲಿಲ್ಲ, ಸಮಜಾಯಿಷಿಯನ್ನೂ ಕೊಡಲಿಲ್ಲ. ಬಾಟಲಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿ, ಅಂದಿನಿಂದಲೇ ಪ್ರತಿ 30 ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಎಲ್ಲರೂ ನಿಂತು ನೀರು ಕುಡಿಯುವ ವ್ಯವಸ್ಥೆ ಮಾಡಿದರು. ಎರಡನೆಯ ವಾರಕ್ಕೆ ಚಿಕ್ಕವರ ಗುಂಪಿಗೆ ಇನ್ನೊಬ್ಬರು ಮೇಲ್ವಿಚಾರಕರೂ ಬಂದರು. ದೂರನ್ನು ಹೀಗೆ ಕೇಳಿಸಿಕೊಂಡದ್ದಕ್ಕೆ ನಾನು ಈ ಶಿಬಿರಕ್ಕೆ ಹೆಚ್ಚು ಅಂಕ ಕೊಡುತ್ತೇನೆ, ಆದರೆ ಗಂಟೆ ಬಾರಿಸಲು ಒಬ್ಬ ತಾಯಿ ಬಾಟಲಿ ಹಿಡಿದು ಬರಬೇಕಾಗಿತ್ತೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

ವೇಳಾಪಟ್ಟಿ 40 ನಿಮಿಷಗಳ ತುಂಡುಗಳಾಗಿತ್ತು: ಮಣ್ಣಿನ ಕೆಲಸ, ಹಾಡು, ಮೈದಾನದ ಆಟ, ಕಾಗದದ ಕರಕುಶಲ, ಮಧ್ಯಾಹ್ನದ ಊಟದ ನಂತರ "ಕಲಿಕೆಯ ಹೊತ್ತು". ಈ ಕೊನೆಯದರ ಬಗ್ಗೆ ಎರಡು ಮಾತು ಹೇಳಲೇಬೇಕು. ರಜೆಯಲ್ಲಿ ಮಕ್ಕಳು ಕಲಿತದ್ದನ್ನೆಲ್ಲ ಮರೆಯುತ್ತಾರೆ ಎಂದು ಕರಪತ್ರ ಹೆದರಿಸುತ್ತಿತ್ತು. ಈ ಮಾತಿಗೆ ಒಂದು ಮೂಲವೇನೋ ಇದೆ. 1996ರಲ್ಲಿ ಅಮೆರಿಕದ ಮನೋವಿಜ್ಞಾನಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 39 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಸುಮಾರು ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆಂದೂ ಗಣಿತದ ಲೆಕ್ಕ ಮತ್ತು ಕಾಗುಣಿತದಲ್ಲಿ ಈ ನಷ್ಟ ಹೆಚ್ಚೆಂದೂ ಹೇಳಿದ್ದರು. ಹೊಸ ಪರೀಕ್ಷೆಗಳ ಅಂಕಗಳನ್ನಿಟ್ಟುಕೊಂಡು ಮತ್ತೆ ನೋಡಿದ ನಂತರದ ಸಂಶೋಧಕರಲ್ಲಿ ಈ ನಷ್ಟ ಎಷ್ಟು ಎಂಬ ಬಗ್ಗೆ ಒಮ್ಮತವಿಲ್ಲ. ಇರಲಿ, ನಷ್ಟ ನಿಜವೆಂದೇ ಇಟ್ಟುಕೊಂಡರೂ, ಊಟವಾಗಿ ಕಣ್ಣು ಎಳೆಯುವ ಹೊತ್ತಿನಲ್ಲಿ ನೆರಳಚ್ಚು ಮಾಡಿದ ಅಭ್ಯಾಸ ಹಾಳೆಗಳನ್ನು ಮಕ್ಕಳ ಮುಂದೆ ಹರಡಿದರೆ ಅದು ತುಂಬಿಬರುತ್ತದೆಯೇ? ಮಗ ಒಂದೇ ಹಾಳೆಯನ್ನು ಎರಡು ಬಾರಿ ತುಂಬಿಸಿ ತಂದ. ಎರಡೂ ಸಲ "ಉತ್ತಮ" ಎಂದು ಮೊಹರು ಬಿದ್ದಿತ್ತು.

ಫೋಟೋಗಳ ವಿಷಯ ಬೇರೆಯೇ. ಪೋಷಕರ ವಾಟ್ಸಾಪ್ ಗುಂಪಿಗೆ ದಿನಕ್ಕೆ 30-40 ಫೋಟೋ ಬರುತ್ತಿದ್ದವು. ಒಬ್ಬ ಮೇಲ್ವಿಚಾರಕರ ಒಂದು ಕೈ ದಿನವಿಡೀ ಫೋನಿಗೇ ಮೀಸಲು ಎಂಬುದು ಒಂದು ತೊಂದರೆ. ಸಭೆಯ ನಡುವೆ ಫೋನು ಕಂಪಿಸಿದಾಗಲೆಲ್ಲ ಆ ಗುಂಪು ಚಿತ್ರದಲ್ಲಿ ನನ್ನ ಮಗಳ ಮುಖ ಎಲ್ಲಿದೆ, ಅವಳು ಯಾಕೆ ಮೂಲೆಯಲ್ಲಿ ನಿಂತಿದ್ದಾಳೆ ಎಂದು ಹುಡುಕುವುದು ಇನ್ನೊಂದು ತೊಂದರೆ. ಯೋಚಿಸದೆ ಇರಲಿ ಎಂದು ತಾನೇ ಸೇರಿಸಿದ್ದು? ಎರಡನೆಯ ವಾರದಲ್ಲಿ ಗುಂಪಿನ ಸದ್ದು ಅಡಗಿಸಿ, ತುರ್ತಿದ್ದರೆ ಕರೆ ಮಾಡಿ ಎಂದು ತಿಳಿಸಿದೆ. ಕರೆ ಬಂದದ್ದು ಒಂದೇ ಸಲ, ಮಗಳಿಗೆ ಜ್ವರವೆಂದು. ಆಗ ಅವರು ನಡೆದುಕೊಂಡ ರೀತಿ ಅಚ್ಚುಕಟ್ಟಾಗಿತ್ತು, ಜ್ವರದ ಅಳತೆಯನ್ನೂ ಅಳೆದ ಸಮಯವನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದರು.

ಮಗನಿಗೆ ಶಿಬಿರ ಹಿಡಿಸಲಿಲ್ಲ. 11ರ ಹುಡುಗನಿಗೆ ಬಣ್ಣದ ಕಾಗದ ಅಂಟಿಸುವುದರಲ್ಲಿ ಏನಿದೆ? ಮೂರನೆಯ ವಾರದಲ್ಲಿ ಆಟದ ಸಾಮಾನುಗಳ ಲೆಕ್ಕ ಇಡುವ ಕೆಲಸವನ್ನು ಅವನಿಗೆ ಒಪ್ಪಿಸಿದ ಮೇಲೆ ಗೊಣಗಾಟ ನಿಂತಿತು. ಈ ಉಪಾಯ ಯಾರಿಗೆ ಹೊಳೆಯಿತೋ ತಿಳಿಯದು, ಮೊದಲ ದಿನವೇ ಹೊಳೆಯಬೇಕಿತ್ತು.

ಇನ್ನು ನಾನು ಈ ವಿಮರ್ಶೆ ಬರೆಯಲು ಕೂತ ಮುಖ್ಯ ಕಾರಣಕ್ಕೆ ಬರುತ್ತೇನೆ. ಶಿಬಿರ ಮುಗಿಯುವುದು 3:30ಕ್ಕೆ, ನನ್ನ ಕಚೇರಿ ಬಿಡುವುದು 6ಕ್ಕೆ. ಮೊದಲ ವಾರ ಈ ಎರಡೂವರೆ ಗಂಟೆಗಾಗಿ ನಾನೂ ಪತಿಯೂ ಸರದಿಯಲ್ಲಿ ಓಡಿದೆವು. ಒಂದು ದಿನ ಇಬ್ಬರೂ ಇನ್ನೊಬ್ಬರು ಹೋಗಿರುತ್ತಾರೆಂದು ಸುಮ್ಮನಿದ್ದು, ಮಕ್ಕಳು 20 ನಿಮಿಷ ಬಾಗಿಲ ಬಳಿ ಕಾದರು. ಆಮೇಲೆ ಕರಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, "ಅಗತ್ಯವಿದ್ದವರಿಗೆ 6:15ರವರೆಗೆ ಹೆಚ್ಚುವರಿ ಅವಧಿ" ಎಂಬ ಸಾಲು ಕಣ್ಣಿಗೆ ಬಿತ್ತು. ಆ ಅವಧಿಗೆ ವೇಳಾಪಟ್ಟಿಯಿಲ್ಲ, ತರಬೇತುದಾರರಿಲ್ಲ. ಒಂದು ಹಜಾರ, ಹಳೆಯ ಪತ್ರಿಕೆಗಳು, ಖಾಲಿ ರಟ್ಟಿನ ಪೆಟ್ಟಿಗೆಗಳು, ಎಲ್ಲ ವಯಸ್ಸಿನ 14 ಮಕ್ಕಳು, ಮತ್ತು ಗೋಡೆಬದಿಯ ಕುರ್ಚಿಯಲ್ಲಿ ಕೂತು ಹೊಲಿಗೆ ಹಾಕುತ್ತಾ ಎಲ್ಲರ ಮೇಲೂ ಕಣ್ಣಿಟ್ಟಿರುವ ಹಿರಿಯ ಮಹಿಳೆ. ಮಗಳೂ ಅವಳ ಗೆಳತಿಯರೂ ಅಲ್ಲಿ 6 ದಿನ ಕೂತು ರಟ್ಟಿನ ಅಂಚೆ ಕಚೇರಿಯೊಂದನ್ನು ಕಟ್ಟಿದರು. ಅದಕ್ಕೆ ಕಿಟಕಿ ಇತ್ತು, ಪೆನ್ನಿನಲ್ಲಿ ಬರೆದ ಅಂಚೆಚೀಟಿಗಳಿದ್ದವು, ಆಲೂಗಡ್ಡೆ ಕೊರೆದು ಮಾಡಿದ ಮೊಹರಿತ್ತು. ನನ್ನ ಮಗ ಅಂಚೆಯಣ್ಣನಾಗಲು ಒಪ್ಪಿಕೊಂಡಿದ್ದ. ಒಂದು ದಿನ ಕೆಲಸ ಬೇಗ ಮುಗಿದು 5ಕ್ಕೇ ಹೋದರೆ ಮಗಳ ಮುಖ ಬಾಡಿತು: "ಇವತ್ತು ಯಾಕಮ್ಮಾ ಇಷ್ಟು ಬೇಗ ಬಂದೆ? ಇನ್ನೂ ಕಾಗದ ಹಂಚಿಲ್ಲ."

ಆ ಅಂಚೆ ಕಚೇರಿಯ ಒಂದು ಫೋಟೋವೂ ವಾಟ್ಸಾಪ್ ಗುಂಪಿಗೆ ಬರಲಿಲ್ಲ. ಸಮಾರೋಪದ ಪ್ರದರ್ಶನದಲ್ಲಿ ಅದಕ್ಕೆ ಜಾಗವೂ ಇರಲಿಲ್ಲ, ಅಲ್ಲಿ ಎಲ್ಲ ಮಕ್ಕಳೂ ಒಂದೇ ಬಗೆಯಲ್ಲಿ ಅಂಟಿಸಿದ ಚಿಟ್ಟೆಗಳು ಸಾಲಾಗಿದ್ದವು. ಮೂರನೆಯ ಮತ್ತು ನಾಲ್ಕನೆಯ ವಾರಗಳಲ್ಲಿ ನನಗೆ ದಿನಕ್ಕೆ ಪೂರಾ 8 ಗಂಟೆ ಸಿಕ್ಕಿತು. ಮಕ್ಕಳು ರಾತ್ರಿ 9ಕ್ಕೆ ತಾವಾಗಿಯೇ ಮಲಗುತ್ತಿದ್ದರು. 6ರಿಂದ 12 ವರ್ಷದವರಿಗೆ ವೈದ್ಯರು ಹೇಳುವ 9ರಿಂದ 12 ಗಂಟೆಯ ನಿದ್ದೆ ಮನೆಯಲ್ಲಿದ್ದ ಉಳಿದ ವಾರಗಳಲ್ಲಿ ಅವರಿಗೆ ಒಮ್ಮೆಯೂ ಸಿಗಲಿಲ್ಲ.

ಜ್ವರದಿಂದ ತಪ್ಪಿದ 2 ದಿನಗಳಿಗೆ ಶುಲ್ಕ ಮರಳಿಸುವ ನಿಯಮ ಇವರಲ್ಲಿಲ್ಲ, ಸೇರಿಸುವವರು ಅದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮುಂದಿನ ಬೇಸಿಗೆಗೆ ಮಗಳನ್ನು ಮತ್ತೆ ಸೇರಿಸುತ್ತೇವೆ, ಮಗನನ್ನು ಅವನೇ ಕೇಳಿದರೆ ಮಾತ್ರ. ಬೆಳಗಿನ ಅವಧಿಯನ್ನು ಬಿಟ್ಟು ಬರೀ ಹೆಚ್ಚುವರಿ ಅವಧಿಗೆ ಸೇರಿಸಲು ಬರುತ್ತದೆಯೇ ಎಂದು ಸಂಚಾಲಕಿಯವರನ್ನು ಕೇಳಿದೆ. ಅವರು ನಕ್ಕು, ಹಾಗೆ ಕೇಳಿದವರಲ್ಲಿ ನಾನು ಮೂರನೆಯವಳು ಎಂದರು.